ಈರುಳ್ಳಿ ಸೀಯುವ ಸದ್ದು

ನಾನು ಮಾಡಿದ ಆಟವನ್ನು ಚಿಕ್ಕಮ್ಮ ಏಳು ಸಲ ಆಡಿ ಏಳು ಸಲವೂ ಗೆದ್ದಳು. ಆಮೇಲೆ ಫೋನನ್ನು ಸೋಫಾದ ಮೇಲೆ ಮಗುಚಿ ಹಾಕಿ, "ಗೆದ್ದಿದ್ದು ನಾನಾ, ಇಲ್ಲ ನೀನು ಗೆಲ್ಲಿಸಿದ್ದಾ?" ಎಂದು ಕೇಳಿದಳು.

ನನ್ನ ಮುಖ ಅವಳಿಗೆ ಕಾಣದಿದ್ದದ್ದು ಆ ಗಳಿಗೆಯಲ್ಲಿ ಒಳ್ಳೆಯದೇ ಆಯಿತು. ಹೋಟೆಲೊಂದು ತನ್ನ ಕಾಯಂ ಗಿರಾಕಿಗಳಿಗಾಗಿ ಮಾಡಿಸುತ್ತಿದ್ದ ಆ್ಯಪ್‌ನಲ್ಲಿ ಹಾಕಲು ಸಿದ್ಧಪಡಿಸಿದ ಆಟ ಅದು. ಮೇಲಿನಿಂದ ಬೀಳುವ ತರಕಾರಿಗಳನ್ನು ಪಾತ್ರೆಯಲ್ಲಿ ಹಿಡಿಯಬೇಕು. ಹತ್ತು ಹಿಡಿದರೆ ಒಂದು ಬಟ್ಟಲು ಸೂಪ್ ಪುಕ್ಕಟೆ. ಕಣ್ಣು ಕಾಣದವರಿಗೆಂದು ಒಂದು ಬೇರೆ ಗುಂಡಿ ಇಟ್ಟಿದ್ದೆವು. ಅದನ್ನು ಒತ್ತಿದರೆ ಪಾತ್ರೆ ತಾನಾಗಿಯೇ ಓಡಾಡಿ ಎಲ್ಲವನ್ನೂ ಹಿಡಿದುಬಿಡುತ್ತಿತ್ತು. ಆಫೀಸಿನಲ್ಲಿ ಅದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ನಾನೂ ತಟ್ಟಿದ್ದೆ, ಸುಳ್ಳೇಕೆ ಹೇಳಲಿ.

ಚಿಕ್ಕಮ್ಮ ಇಪ್ಪತ್ತಾರು ವರ್ಷ ದೊಡ್ಡ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವಳು. ದೃಷ್ಟಿ ಹೋಗಿ ನಾಲ್ಕು ವರ್ಷವಾದರೂ ಒಲೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. "ಪಾಪ ಅನ್ನಿಸಿಕೊಳ್ಳೋಕೆ ನಿನ್ನ ಆಟ ಬೇಕಾಗಿಲ್ಲ ಕಣೇ. ಅದಕ್ಕೆ ಬೀದಿಗೆ ಹೋದ್ರೆ ಸಾಕು," ಎಂದು ಅಡುಗೆಮನೆಗೆ ಎದ್ದು ಹೋದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. ಆಟ ಒಪ್ಪಿಸಲು ಉಳಿದಿರುವುದು ಒಂಬತ್ತೇ ದಿನ, ಇವಳಿಗೇನು ಗೊತ್ತು ಎಂದುಕೊಂಡು ಹಿಂದೆಯೇ ಜಗಳಕ್ಕೆ ಹೋದೆ. ಅವಳು ಆಗಲೇ ಬಾಣಲೆಗೆ ಈರುಳ್ಳಿ ಸುರಿದಿದ್ದಳು. ನಾನು ಬಾಯಿ ತೆರೆದದ್ದೇ ತಡ, "ಸುಮ್ನಿರು, ಕೇಳಿಸಲ್ಲ," ಎಂದಳು. ಜೋರಾಗಿ ಚುರುಗುಟ್ಟುತ್ತಿದ್ದ ಸದ್ದು ನೀರು ಆರಿದಂತೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಟಕ್ಕನೆ ಒಲೆ ಆರಿಸಿದಳು. ಬಗ್ಗಿ ನೋಡಿದೆ. ಹೊಂಬಣ್ಣ ಬಂದಿತ್ತು, ಒಂದು ಚೂರೂ ಕಪ್ಪಾಗಿರಲಿಲ್ಲ. ಜಗಳ ಅಲ್ಲಿಗೇ ಮರೆತುಹೋಯಿತು.

ಇವಳು ಹೂಂ ಅನ್ನದ ಆಟವನ್ನು ಯಾರಿಗೂ ಕೊಡುವುದಿಲ್ಲ ಎಂದು ನನಗೆ ಹಟ ಹಿಡಿಯಿತು. ಮರುದಿನ ನಮ್ಮ ಪ್ರೋಗ್ರಾಮರ್‌ಗೆ, ಅವನನ್ನು ನಾವು ಕರೆಯುವುದು ಅವಸರಪ್ಪ ಎಂದು, ತರಕಾರಿ ಆಟ ಕಿತ್ತುಹಾಕು ಎಂದೆ. ಹೊಸ ಆಟದಲ್ಲಿ ಮೂರು ಬಾಣಲೆ: ಒಂದರ ಸದ್ದು ಎಡಗಿವಿಗೆ, ಒಂದರದು ಬಲಗಿವಿಗೆ, ಇನ್ನೊಂದರದು ನಡುವೆ. ಸದ್ದು ಸಣ್ಣದಾದ ಕೂಡಲೇ ಆ ಕಡೆ ತಟ್ಟಿ ಇಳಿಸಬೇಕು, ತಡಮಾಡಿದರೆ ಸೀದುಹೋಗುತ್ತದೆ. ಕಣ್ಣಿರುವವರು ಬಣ್ಣ ನೋಡಲಿ. ಕಿವಿ ಕೇಳದವರಿಗೆ ಫೋನು ಕೈಯಲ್ಲಿ ನಡುಗುತ್ತದೆ, ಆ ನಡುಕವೂ ಹಾಗೆಯೇ ಸಣ್ಣದಾಗುತ್ತದೆ. ಬೇರೆ ಗುಂಡಿ ಇಲ್ಲ. ಎಲ್ಲರಿಗೂ ಒಂದೇ ಆಟ.

ಅವಸರಪ್ಪ ಎಲ್ಲಿಂದಲೋ ಹುರಿಯುವ ಸದ್ದು ತಂದು ಹಾಕಿದ. ಚಿಕ್ಕಮ್ಮ ಕೇಳಿ, "ಇದು ಮಳೆ. ತಗಡಿನ ಮೇಲೆ ಬೀಳ್ತಿದೆ. ಇದನ್ನ ಯಾವ ಎಣ್ಣೇಲಿ ಹುರೀತಾನಂತೆ?" ಎಂದಳು. ಹುಡುಕಿ ನೋಡಿದರೆ ನಿಜವಾಗಿಯೂ ಮಳೆ. ಕೊನೆಗೆ ಅವಳ ಒಲೆಯ ಪಕ್ಕದಲ್ಲೇ ಮೈಕ್ ಇಟ್ಟು ಎರಡು ಕಿಲೋ ಈರುಳ್ಳಿ ಹುರಿದೆವು. ಹೆಚ್ಚಿಕೊಟ್ಟವನು ಅವಸರಪ್ಪನೇ, ಕಣ್ಣು ಒರೆಸಿಕೊಳ್ಳುತ್ತ.

ಒಪ್ಪಿಸುವ ದಿನ ಚಿಕ್ಕಮ್ಮನನ್ನೂ ಹೋಟೆಲಿಗೆ ಕರೆದುಕೊಂಡು ಹೋದೆ. ಯಜಮಾನರು ಆಟ ಆಡಿ ನೋಡಿ ತಲೆ ಕೆರೆದುಕೊಂಡರು. "ಚೆನ್ನಾಗಿದೆ. ಆದ್ರೆ ಕಣ್ಣು ಕಾಣದವರು ಸೋತ್ರೆ ಬೇಜಾರಾಗಲ್ವಾ? ಹಳೇದೇ ಇರ್ಲಿ ಅನ್ಸುತ್ತೆ."

"ಅವಳನ್ನೇ ಕೇಳಿ," ಎಂದು ನಾನು ಫೋನನ್ನು ಚಿಕ್ಕಮ್ಮನ ಕೈಗಿಟ್ಟೆ.

ಬಲಗಡೆಯದನ್ನು ಸರಿಯಾಗಿ ಇಳಿಸಿದಳು. ನಡುವಿನದೂ ಸರಿಯಾಯಿತು. ಎಡಗಡೆಯದರ ಸದ್ದು ಸಣ್ಣದಾಯಿತು, ಅವಳ ಬೆರಳು ಒಂದು ಕ್ಷಣ ತಡಮಾಡಿತು. "ಸೀದುಹೋಯಿತು," ಎಂದಿತು ಫೋನು.

ಯಜಮಾನರು ಮೆಲ್ಲನೆ, "ಪರವಾಗಿಲ್ಲಮ್ಮ, ಸೂಪ್ ನಾನೇ ಕೊಡಿಸ್ತೀನಿ," ಎಂದರು.

"ಬೇಡ ಸ್ವಾಮಿ. ಗೆದ್ದೇ ಕುಡೀತೀನಿ." ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ಮುಖದ ತುಂಬ ನಗು. "ಸೋತೆ ಕಣೇ. ನಾನೇ ಸೋತೆ."

ನನ್ನ ಆಟಗಳಲ್ಲಿ ಗೆದ್ದು ಕುಣಿದವರನ್ನು ಬೇಕಾದಷ್ಟು ನೋಡಿದ್ದೇನೆ. ಯಾರ ಗೆಲುವೂ ನನಗೆ ಇಷ್ಟು ಹೆಮ್ಮೆ ತಂದಿರಲಿಲ್ಲ. ಯಜಮಾನರು ಅವಳ ಮುಖವನ್ನೇ ನೋಡುತ್ತ, "ಸರಿ, ಇದೇ ಇರ್ಲಿ ಹಾಗಾದ್ರೆ," ಎಂದರು.

ಚಿಕ್ಕಮ್ಮ ಆಗಲೇ ಇನ್ನೊಂದು ಆಟ ಶುರುಮಾಡಿದ್ದಳು.

"ಸುಮ್ನಿರಿ ಸ್ವಾಮಿ," ಎಂದಳು. "ಕೇಳಿಸಲ್ಲ."