ಹೊರಗಿನ ಪಾನಾ

ನಾನು ಒಂದು ಪೆಟ್ರೋಲ್ ಫಿಲ್ಟರು. ನನ್ನ ಹೆಸರು ಕೇಳಿದವರು ನಿಮ್ಮಲ್ಲಿ ಇರಬಹುದು, ಮುಖ ನೋಡಿದವರು ಇರಲಾರರು. ಕಾರು ತೊಳೆಯುವಾಗ ನೀವು ಗಾಜು ಒರೆಸುತ್ತೀರಿ, ಗಾಲಿಗೆ ನೀರು ಹೊಡೆಯುತ್ತೀರಿ, ಮುಂದುಗಡೆ ನಿಂಬೆಹಣ್ಣು ಕಟ್ಟುತ್ತೀರಿ. ಹೊಟ್ಟೆಯ ಕೆಳಗೆ ಬಗ್ಗಿ ನೋಡುವುದಿಲ್ಲ. ನಾನು ಇರುವುದು ಅಲ್ಲಿ. ಟ್ಯಾಂಕಿನಿಂದ ಬರುವ ಮಣ್ಣು, ತುಕ್ಕು, ಕಸ ಎಲ್ಲ ನುಂಗಿ ಶುದ್ಧವಾದದ್ದನ್ನು ಮಾತ್ರ ಎಂಜಿನ್ನಿಗೆ ಬಿಡುತ್ತೇನೆ. ಎಂಜಿನ್ನಿಗೆ ಹೆಸರು ಬರುತ್ತದೆ, ನನಗೆ ಹೊಲಸು ತುಂಬುತ್ತದೆ. ತುಂಬಿದ ದಿನ ಕಿತ್ತು ಎಸೆಯುತ್ತಾರೆ. ಈ ವ್ಯವಸ್ಥೆ ಮಾಡಿದವನು ಯಾರೋ ಗೊತ್ತಿಲ್ಲ, ಎಂಜಿನ್ನಿನ ಕಡೆಯವನೇ ಇರಬೇಕು.

ತಗಡು ಒತ್ತುವ ಕಾರ್ಖಾನೆಯಲ್ಲಿ ಹುಟ್ಟಿದೆ. ತಗಡನ್ನು ಡಬ್ಬಿಯಂತೆ ಬಾಗಿಸಿ, ಒಳಗೆ ಮಡಿಕೆ ಮಡಿಕೆಯಾದ ಕಾಗದ ತುರುಕಿ, ಎರಡೂ ತುದಿಗೆ ಬಾಯಿ ಇಟ್ಟರು. ಒಂದು ಬಾಯಿಂದ ಬರಬೇಕು, ಇನ್ನೊಂದರಿಂದ ಹೋಗಬೇಕು. ತಪ್ಪಬಾರದೆಂದು ಮೈಮೇಲೆ ಬಾಣದ ಗುರುತು ಒತ್ತಿದರು. ಯಾರ ಕೆಳಗಿರಬೇಕು, ಯಾರ ಹೊಲಸು ಹೊರಬೇಕು ಎಂಬುದನ್ನು ಹುಟ್ಟುವಾಗಲೇ ಮೈಮೇಲೆ ಬರೆಸಿಕೊಂಡು ಬಂದವನು ನಾನೊಬ್ಬನೇ ಅಲ್ಲವೆಂದು ಆಮೇಲೆ ತಿಳಿಯಿತು.

ಮೊದಲ ಧಣಿ ಚನ್ನವೀರಪ್ಪ ಸಾಹುಕಾರ. ಕೊಪ್ಪಳದ ಕಡೆಯ ಒಂದು ತಾಲೂಕು ಊರಿನಲ್ಲಿ ಅವನ ಪೆಟ್ರೋಲ್ ಬಂಕಿತ್ತು. ಅವನ ಮುಖ ನಾನು ನೋಡಿಲ್ಲ. ನೋಡಿದ್ದು ಕಿರುಗುಡುವ ಚರ್ಮದ ಚಪ್ಪಲಿ. ಆ ಚಪ್ಪಲಿ ದಿನಾ ಕಾರಿನೊಳಗೆ ಹೋಗುತ್ತಿತ್ತು. ಅದನ್ನು ಹೊಲಿದವರು ಬಂದರೆ ಕಾರಿನಿಂದ ದೂರ, ರಸ್ತೆಯ ಅಂಚಿಗೆ ನಿಲ್ಲುತ್ತಿದ್ದರು. ಸಾಹುಕಾರ ತನ್ನ ಬಂಕಿನ ಪೆಟ್ರೋಲನ್ನು ತನ್ನ ಕಾರಿಗೆ ಎಂದೂ ಹಾಕಿಸಲಿಲ್ಲ, ಪಕ್ಕದ ಊರಿಗೆ ಹೋಗಿ ಹಾಕಿಸಿಕೊಂಡು ಬರುತ್ತಿದ್ದ. ದೊಡ್ಡವರ ಚಾಳಿ ಇರಬೇಕು ಎಂದುಕೊಂಡಿದ್ದೆ.

ಕಾರು ಹಳೆಯದಾಯಿತು. ಕೇರಿಯ ದ್ಯಾಮವ್ವ ಮತ್ತು ಅವಳ ಗಂಡ ಹುಲಗಪ್ಪ ಕೊಂಡರು. ಕುರಿ, ಆಡಿನ ಚರ್ಮ ಕೂಡಿಸಿ, ಉಪ್ಪು ಹಚ್ಚಿ, ದೊಡ್ಡ ವ್ಯಾಪಾರಿಗಳಿಗೆ ಮುಟ್ಟಿಸುವುದು ಅವರ ಕಸುಬು. ಬೇರೆ ಗಾಡಿಯವರು ಚರ್ಮ ಹೇರಿಕೊಳ್ಳಲು ಒಪ್ಪುತ್ತಿರಲಿಲ್ಲ, ಅದಕ್ಕೇ ಸ್ವಂತದ್ದು. ಹಿಂದಿನ ಸೀಟು ಕಿತ್ತು ಚರ್ಮ ಹೇರುತ್ತಿದ್ದರು. ಓಡಿಸುತ್ತಿದ್ದವಳು ದ್ಯಾಮವ್ವ. ಸಾಹುಕಾರ ಕೂತ ಕಾರಿನ ಸ್ಟೇರಿಂಗು ಕೇರಿಯ ಹೆಂಗಸಿನ ಕೈಗೆ ಹೋದದ್ದು ಊರಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

ಅವರು ಪೆಟ್ರೋಲು ಹಾಕಿಸಿದ್ದು ಸಾಹುಕಾರನ ಬಂಕಿನಲ್ಲಿ. ಆಗ ತಿಳಿಯಿತು ನನಗೆ ಅವನ ಚಾಳಿಯ ಅರ್ಥ. ಸೀಮೆಎಣ್ಣೆ, ನೀರು, ಕೆಸರು. ಊರಿಗೆಲ್ಲ ಕುಡಿಸಿ ತಾನು ಮಾತ್ರ ಕುಡಿಯದಿದ್ದದ್ದು. ನಾನು ನುಂಗಿದೆ, ನುಂಗಿದೆ, ಉಸಿರು ಕಟ್ಟಿತು. ಮೇಲಿನಿಂದ ಚರ್ಮದ ಉಪ್ಪುನೀರು ಬೇರೆ ತೊಟ್ಟಿಕ್ಕುತ್ತಿತ್ತು. ನನ್ನೆರಡು ಬಾಯಿಗೆ ಪೈಪನ್ನು ಬಿಗಿದಿದ್ದ ನಟ್ಟುಗಳು ತುಕ್ಕು ಹಿಡಿದು ನನ್ನ ಮೈಗೆ ಬೆಸೆದುಕೊಂಡವು.

ಬಕ್ರೀದ್ ದಿನ. ಇಡೀ ವರ್ಷದಲ್ಲಿ ಅವರಿಗೆ ಅದೊಂದೇ ದೊಡ್ಡ ದುಡಿಮೆ. ಮನೆಮನೆ ತಿರುಗಿ ಕೂಡಿಸಿದ ಹಸಿ ಚರ್ಮ ಕಾರಿನ ತುಂಬ ಇತ್ತು. ಹೊತ್ತು ಇಳಿಯುವುದರೊಳಗೆ ಉಪ್ಪು ಬೀಳಬೇಕು. ಉಪ್ಪಿನ ಚೀಲಗಳು ಊರಾಚೆಯ ಶೆಡ್ಡಿನಲ್ಲಿದ್ದವು. ತಡವಾದರೆ ಕೂದಲು ಉದುರುತ್ತದೆ, ಕೂದಲು ಉದುರಿದ ಚರ್ಮವನ್ನು ಯಾರೂ ಕೊಳ್ಳುವುದಿಲ್ಲ. ಕಾರು ಎರಡು ಸಲ ಜಗ್ಗಿ, ಗುರುಪಾದಪ್ಪನ ಗ್ಯಾರೇಜಿನ ಎದುರಿಗೇ ನಿಂತುಬಿಟ್ಟಿತು. ನಿಲ್ಲಿಸಿದವನು ನಾನೇ. ಇನ್ನು ಒಂದು ಹನಿಗೂ ನನ್ನಲ್ಲಿ ದಾರಿ ಇರಲಿಲ್ಲ.

ಈ ಗುರುಪಾದಪ್ಪನ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಒಳಗೆ ಗೋಡೆಗೆ ಹಲಗೆ. ಅದರ ಮೇಲೆ ಸಾಲಾಗಿ ಪಾನಾಗಳು, ನಟ್ಟು ಬಿಚ್ಚುವ ಪಾನಾಗಳು, ಚಿಕ್ಕದರಿಂದ ದೊಡ್ಡದಕ್ಕೆ. ಪ್ರತಿಯೊಂದರ ಹಿಂದೆ ಅದರದೇ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿತ್ತು, ಯಾವುದು ಎಲ್ಲಿಯದೆಂದು ತಪ್ಪದಿರಲಿ ಅಂತ. ಹೊರಗೆ ಬೇವಿನ ಮರಕ್ಕೆ ಒಂದು ಮೊಳೆ. ಮೊಳೆಗೆ ಒಂದು ಪಾನಾ. ಅದು ಕೇರಿಯ ಗಾಡಿಗಳಿಗೆ. ಚಹಾದ ಅಂಗಡಿಗಳಲ್ಲಿ ಬೇರೆ ಲೋಟ ಇಡುವುದನ್ನು ಕೇಳಿದ್ದೀರಿ, ಕೇಳಿ ಹಳೆಯ ಕಾಲದ ಮಾತೆಂದು ತಲೆ ಅಲ್ಲಾಡಿಸಿದ್ದೀರಿ. ಕಬ್ಬಿಣಕ್ಕೂ ಮೈಲಿಗೆ ಹಚ್ಚುವ ಜಾಣತನ ನಿಮ್ಮ ಕಾಲದ್ದೇ.

"ಗಾಡಿ ಒಳಗ ತರಬ್ಯಾಡ," ಅಂದ ಗುರುಪಾದಪ್ಪ. "ಗಿಡದಾಗ ಪಾನಾ ಐತಿ. ನೀವ ಬಿಚ್ರಿ, ನಾ ಇಲ್ಲಿಂದ ಹೇಳ್ತೀನಿ." ಹೊಸ ಫಿಲ್ಟರನ್ನು ದೂರದಿಂದ ಎಸೆದ. ಹುಲಗಪ್ಪ ಹಿಡಿದುಕೊಂಡ.

ಮೊದಲು ಪಂಪಿನ ಫ್ಯೂಸು ಕಿತ್ತು, ಪೈಪಿನಲ್ಲಿದ್ದ ಒತ್ತಡ ಹೋಗಲೆಂದು ಎಂಜಿನ್ ತಿರುಗಿಸಿದರು. ಆಮೇಲೆ ಹುಲಗಪ್ಪ ಮಣ್ಣಿನ ಮೇಲೆ ಅಂಗಾತ ಮಲಗಿ ನನ್ನ ಕೆಳಗೆ ಬಂದ. ನನ್ನ ಇಡೀ ಆಯುಸ್ಸಿನಲ್ಲಿ ನಾನು ನೋಡಿದ ಮೊದಲ ಮನುಷ್ಯಮುಖ ಅದು. ಪಾನಾ ಹಾಕಿದ. ಅದರ ಬಾಯಿ ಎಷ್ಟೋ ವರ್ಷ ಸವೆದು ಅಗಲವಾಗಿತ್ತು. ಹಾಕಿ ತಿರುವಿದರೆ ಜಾರಿತು, ಜಾರಿದಾಗಲೆಲ್ಲ ನಟ್ಟಿನ ಮೂಲೆಗಳನ್ನು ಕಡಿಯಿತು. ಮೂಲೆ ಸವೆದ ನಟ್ಟು ಗುಂಡಗಾಯಿತು. ಗುಂಡಗಾದದ್ದನ್ನು ಯಾವ ಪಾನಾ ಹಿಡಿದೀತು? ಸಾಲದ್ದಕ್ಕೆ ಇದ್ದದ್ದು ಒಂದೇ ಪಾನಾ. ನಟ್ಟಿನ ಜೊತೆಗೆ ನಾನೂ ತಿರುಗುತ್ತಿದ್ದೆ, ಪೈಪು ಹಿಂಡಿದಂತಾಗುತ್ತಿತ್ತು.

"ಇನ್ನೊಂದ್ ಪಾನಾ ಕೊಡ್ರಿ ಯಪ್ಪಾ. ಒಂದ್ ಹಿಡಿಯಾಕ, ಒಂದ್ ತಿರುವಾಕ."

"ಗಿಡದಾಗ ಇರೋದ್ ಒಂದ," ಅಂದ ಗುರುಪಾದಪ್ಪ. ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿ ಕೇಳಿದರೆ ಅದು ಖಾಲಿಯಾಗಿದೆ ಅಂದ. ಸುತ್ತಿಗೆಯಿಂದ ಬಡಿ ಎಂದು ಕೂತಲ್ಲೇ ಸಲಹೆ ಕೊಟ್ಟ. ಪಾನಾ ಮತ್ತೆ ಜಾರಿ ಹುಲಗಪ್ಪನ ಬೆರಳಗೆಣ್ಣು ತಗಡಿಗೆ ಬಡಿದು ಸೀಳಿತು. ಅವನು ಬೈಯಲಿಲ್ಲ. ನನಗೆ ಅವನ ಮೇಲೂ ಸಿಟ್ಟು ಬಂತು.

ದ್ಯಾಮವ್ವ ಹಿಂದಿನ ಬಾಗಿಲು ತೆರೆದು ಚರ್ಮದ ರಾಶಿಯೊಳಗೆ ಕೈ ತೂರಿಸಿದಳು. ಒಳಗೆ ಬಿಸಿಯೇರಿತ್ತು. ಒಂದರ ಕೂದಲು ಹಿಡಿದು ಮೆಲ್ಲಗೆ ಎಳೆದಳು. ಎಳೆದಷ್ಟೂ ಕೈಗೆ ಬಂತು.

ಅವಳು ಆ ಕೂದಲನ್ನು ನೆಲಕ್ಕೆ ಕೊಡವಿದಳು. ಆಮೇಲೆ ಸೀದಾ ಗ್ಯಾರೇಜಿನ ಒಳಗೆ ನಡೆದಳು. "ಬ್ಯಾಡ, ಈ ಕಡೆ ಬಾ, ನಾಳಿ ಮತ್ತ ಇವರ ಕಡೆನ ಬರಬೇಕು," ಎಂದು ಕಾರಿನ ಕೆಳಗಿಂದ ಹುಲಗಪ್ಪ ಅಂದದ್ದು ಅವಳ ಕಿವಿಗೆ ಬಿತ್ತೋ ಇಲ್ಲವೋ.

"ಏ, ಎಲ್ಲಿ ಹೊಂಟಿ?" ಗುರುಪಾದಪ್ಪ ಎದ್ದುನಿಂತ.

"ಪಾನಾ ತರಾಕ."

"ಅವು ದಿನಾ ಪೂಜಾ ಮಾಡೋ ಪಾನಾ ಅದಾವು. ಚರ್ಮ ಮುಟ್ಟಿದ ಕೈಲೆ ಮುಟ್ಟಬ್ಯಾಡ."

"ನಿಮ್ಮ ನಡದಾಗಿನ ಬೆಲ್ಟ್ ಯಾತರದ್ರಿ, ಗುರುಪಾದಪ್ಪಾರ? ಬಿಚ್ಚಿಟ್ಟು ಮಾಡ್ತೀರೇನು ಪೂಜಾ?"

ಅವನು ತನ್ನ ಸೊಂಟ ನೋಡಿಕೊಂಡ. ನಿಜವಾಗಿಯೂ ನೋಡಿಕೊಂಡ. ಅಷ್ಟರಲ್ಲಿ ಅವಳು ಹಲಗೆಯಿಂದ ಎರಡು ಪಾನಾ ಇಳಿಸಿಕೊಂಡಿದ್ದಳು. ಪಕ್ಕದಲ್ಲಿದ್ದ ಎಣ್ಣೆಯ ಡಬ್ಬಿಯನ್ನೂ ಎತ್ತಿ, ಅಲ್ಲಾಡಿಸಿ ನೋಡಿ, ಜೊತೆಗೆ ತಂದಳು. ಖಾಲಿಯಾಗಿರಲಿಲ್ಲ.

ಎಣ್ಣೆ ಹೊಡೆದು, ಒಂದು ಪಾನಾದಿಂದ ನನ್ನನ್ನು ಬಿಗಿಯಾಗಿ ಹಿಡಿದು, ನಟ್ಟನ್ನು ಸುತ್ತಲೂ ತಬ್ಬುವ ಇನ್ನೊಂದರಿಂದ ತಿರುವಿದರು. ಸವೆದ ಮೂಲೆಗಳೂ ಅದಕ್ಕೆ ಸಿಕ್ಕವು. ಎಲುಬು ಮುರಿದಂತೆ ಒಂದು ಸದ್ದು. ನಟ್ಟು ಬಿಟ್ಟಿತು. ಎರಡನೆಯದೂ ಬಿಟ್ಟಿತು. ತುಕ್ಕು ನಮ್ಮ ಗುಣ, ಒಪ್ಪುತ್ತೇನೆ. ಆದರೆ ಅಷ್ಟು ಹೊತ್ತು ಆ ನಟ್ಟುಗಳನ್ನು ಹಿಡಿದಿಟ್ಟಿದ್ದು ತುಕ್ಕಲ್ಲ, ಬೇವಿನ ಮರದ ಆ ಮೊಳೆ.

ದ್ಯಾಮವ್ವ ನನ್ನನ್ನು ಬೋರಲು ಹಾಕಿದಳು. ನನ್ನ ಬಾಯಿಂದ ಸಾಹುಕಾರನ ಬಂಕೇ ಹೊರಬಂತು, ಕಪ್ಪು ಕೆಸರು, ನೀರು. "ನೋಡ್ರಿ ನಿಮ್ಮ ಸಾವಕಾರ್ರ ಮಡಿ," ಅಂದಳು. ನನ್ನನ್ನು ಮರದ ಬುಡಕ್ಕೆಸೆದು, ಹೊಸದನ್ನು ಕೂರಿಸಿ ಹೋದರು. ರಾಶಿಯ ಒಳಗಿನ ಕೆಲವು ಚರ್ಮ ಕೆಟ್ಟವು, ಉಳಿದವು ಉಳಿದವೆಂದು ಆಮೇಲೆ ಕೇಳಿದೆ.

ಅವರು ಹೋದ ಮೇಲೆ ಗುರುಪಾದಪ್ಪ ಆ ಎರಡು ಪಾನಾಗಳನ್ನು ಪೆಟ್ರೋಲಿನಲ್ಲಿ ತೊಳೆದ, ಬಿಸಿಲಿಗಿಟ್ಟ, ವಿಭೂತಿ ಹಚ್ಚಿ ತಿರುಗಿ ಹಲಗೆಗೆ ಹಾಕಿದ. ಮರದ ಮೇಲಿನ ಹಳೆಯ ಪಾನಾವನ್ನು ಕಿತ್ತು ನನ್ನ ಪಕ್ಕಕ್ಕೆ ಬಿಸಾಡಿದ. ನನ್ನ ನಟ್ಟುಗಳ ಮೂಲೆ ಕಡಿದವನು ಈ ಪಾನಾನೇ ಎಂದು ಹಲ್ಲು ಕಡಿದು ಬೈದೆ. ಅವನು ಸುಮ್ಮನೆ ಬಾಗಿಲ ಕಡೆ ತೋರಿಸಿದ. ಹಲಗೆಯ ನಡುವೆ ಒಂದು ಬಿಳಿ ಆಕಾರ ಖಾಲಿ ಇತ್ತು. ಅವನೂ ಒಂದು ಕಾಲಕ್ಕೆ ಅಲ್ಲಿದ್ದವನೇ. ಬಾಯಿ ಸವೆದ ದಿನ ಹೊರಬಿದ್ದ. ಒಳಗೆ ಕೆಲಸಕ್ಕೆ ಬಾರದ್ದು ಕೇರಿಯವರಿಗೆ ಸಾಕು ಎಂಬುದೇ ಅವನ ಕತೆ. ಆಮೇಲೆ ನಾನು ಅವನನ್ನು ಬೈಯಲಿಲ್ಲ.

ಕೆಲವು ದಿನ ಕಳೆದು ಗುರುಪಾದಪ್ಪ ಪೇಟೆಯಿಂದ ಹಳೆಯದರ ಅಳತೆಯದೇ ಹೊಚ್ಚಹೊಸ ಪಾನಾ ತಂದ, ಫಳಫಳ ಹೊಳೆಯುವಂಥದ್ದು. ತಂದು ಅದೇ ಮೊಳೆಗೆ ತೂಗುಹಾಕಿದ. ಹೋಗಿಬರುವವರಿಗೆಲ್ಲ ತೋರಿಸಿದ. ಅವರು ಅವನನ್ನು ಧರ್ಮಾತ್ಮ ಎಂದರು.

ಮುಂದಿನ ಸಂತೆಯ ದಿನ ದ್ಯಾಮವ್ವ ಹುಲಗಪ್ಪನ ಜೊತೆ ಬಂದಳು. ಸೈಲೆನ್ಸರಿನ ಬೋಲ್ಟು ಸಡಿಲಾಗಿತ್ತು. ಕಾರನ್ನು ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿ ಇಳಿದಳು. ಗುರುಪಾದಪ್ಪ ನಗುತ್ತ ಮರದ ಕಡೆ ಕೈ ಮಾಡಿ, ನಿಮಗಂತಲೇ ತಂದದ್ದು ಅಂದ. ಅವಳು ಹತ್ತಿರ ಹೋಗಿ ನೋಡಿದಳು. ಮುಟ್ಟಲಿಲ್ಲ.

"ಭಾಳ ಚಲೋ ಐತ್ರಿ," ಅಂದಳು. "ಒಳಗ ಹಾಕ್ರಿ."

ಮತ್ತೆ ಹೋಗಿ ಕಾರಿನಲ್ಲಿ ಕೂತಳು, ಬೀಗದ ಕೈಯನ್ನು ಹುಲಗಪ್ಪನ ಕಿಸೆಗೆ ಹಾಕಿ. ಈ ಸಲ ಅವನು ಬ್ಯಾಡ ಅನ್ನಲಿಲ್ಲ. ಬಾಗಿಲಿಗೆ ಅಡ್ಡ ನಿಂತ ಕಾರಿನ ಹಿಂದೆ ಒಂದು ಜೀಪು ಬಂತು, ಟ್ರ್ಯಾಕ್ಟರು ಬಂತು, ಸಾಹುಕಾರನ ಹೊಸ ಕಾರೂ ಬಂತು. ಹಾರನ್ನು ಬಡಿದರು. ಗುರುಪಾದಪ್ಪ ಅತ್ತ ನೋಡಿದ, ಇತ್ತ ನೋಡಿದ. ಕೊನೆಗೆ ಪಾನಾ ಕಿತ್ತುಕೊಂಡು ಒಳಗೆ ಹೋಗಿ, ಬೇರೆ ಯಾವುದಕ್ಕೂ ತಾಗದಂತೆ ಹಲಗೆಯ ತುದಿಯಲ್ಲಿ ನೇತುಹಾಕಿದ. ದ್ಯಾಮವ್ವ ಅದನ್ನು ಅಲ್ಲಿಂದ ತಂದಳು. ಹುಲಗಪ್ಪ ಬೋಲ್ಟು ಬಿಗಿದ. ತಿರುಗಿ ಇಡುವಾಗ ಅವಳು ತುದಿಗೆ ಹೋಗಲಿಲ್ಲ. ನಡುವಿನ ಆ ಖಾಲಿ ಬಿಳಿ ಆಕಾರದ ಮೇಲೆ ಇಟ್ಟಳು. ಸರಿಯಾಗಿ ಕೂತಿತು.

ನಾಳೆ ಗುಜರಿಯವನು ಬರುತ್ತಾನಂತೆ. ನನ್ನನ್ನೂ ಹಳೆಯ ಪಾನಾವನ್ನೂ ಒಂದೇ ಚೀಲಕ್ಕೆ ತುಂಬಿ, ಒಂದೇ ಕುಲುಮೆಗೆ ಹಾಕುತ್ತಾರೆ. ಬೆಂಕಿಯಲ್ಲಿ ಒಳಗಿನದು ಹೊರಗಿನದು ಎಂದು ಬೇರೆ ಇರುವುದಿಲ್ಲ. ಕರಗಿದ ಮೇಲೆ ನನ್ನನ್ನು ಏನು ಬೇಕಾದರೂ ಮಾಡಿ. ಸೂಜಿ ಮಾಡಿ, ಸರಪಳಿ ಮಾಡಿ, ಮತ್ತೊಮ್ಮೆ ನಿಮ್ಮ ಹೊಲಸು ನುಂಗುವ ಫಿಲ್ಟರನ್ನೇ ಮಾಡಿ. ಬೇವಿನ ಮರಕ್ಕೆ ಹೊಡೆಯುವ ಮೊಳೆ ಮಾತ್ರ ಮಾಡಬೇಡಿ. ಮಾಡಿದರೆ ಸುತ್ತಿಗೆಯ ಮೊದಲ ಏಟಿಗೇ ಬಾಗುತ್ತೇನೆ, ಹೊಡೆದವನ ಬೆರಳಿನ ಕಡೆಗೆ.