ಹಿಮ್ಮಡಿಯಿಂದ ಹುಟ್ಟಿದ ಪದ

ಅದು ಎರಡು ಸಾವಿರದ ಆರನೆಯ ಇಸವಿ. ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಶಾಮಲಾ ಟೆಸ್ಟಿಂಗ್ ಕೆಲಸದಲ್ಲಿದ್ದಳು. ಆಸ್ಪತ್ರೆಯ ರೋಗಿಗಳಿಗೆ ಎಷ್ಟು ಔಷಧಿ ಕೊಡಬೇಕೆಂದು ಹೇಳುವ ಪ್ರೋಗ್ರಾಂ. ನಲವತ್ತು ಟೆಸ್ಟುಗಳು ಬಾಕಿಯಿರುವಾಗಲೇ ಮ್ಯಾನೇಜರ್ ಅರವಿಂದ್ ಎಲ್ಲಕ್ಕೂ ‘ಪಾಸ್’ ಎಂದು ಬರೆದು ಸಹಿ ಹಾಕಲು ಹೇಳಿದ. ಅವಳು ಹಾಕಲಿಲ್ಲ.

ಶುಕ್ರವಾರ ಅರವಿಂದನಿಂದ ಎಚ್ಚರಿಕೆಯ ಪತ್ರ ಬಂತು. ಅವಳ ನಡವಳಿಕೆ ‘ರಿಕ್ಯಾಲ್ಸಿಟ್ರಂಟ್’ ಎಂದು ಅದರಲ್ಲಿತ್ತು. ಸೋಮವಾರ ಎಚ್‌ಆರ್ ಎದುರು ಅದನ್ನು ಒಪ್ಪಿ ಸಹಿ ಹಾಕಬೇಕಿತ್ತು. ಪಕ್ಕದ ಸೀಟಿನವರಿಗೂ ಆ ಪದ ಗೊತ್ತಿರಲಿಲ್ಲ. “ಏನೋ ದೊಡ್ಡ ಬೈಗುಳಾನೇ ಇರಬೇಕು” ಎಂದು ನಕ್ಕರು. ಶಾಮಲಾಳ ಮೈಯೆಲ್ಲ ಉರಿಯಿತು.

ದಿಲ್‌ಸುಖ್‌ನಗರದಲ್ಲಿ ಅವಳ ಮನೆ ಮಾಲಕಿ ಗಂಗೂಬಾಯಿ, ಗುಲಬರ್ಗಾ ಕಡೆಯ ನಿವೃತ್ತ ಇಂಗ್ಲಿಷ್ ಅಧ್ಯಾಪಕಿ. ಅವರು ದಪ್ಪ ನಿಘಂಟು ತೆಗೆದು ಬೆರಳಾಡಿಸಿದರು.

“ಲ್ಯಾಟಿನ್ನಿಂದ ಬಂದಿದ್ದು ನೋಡವ್ವಾ. ಕಾಲ್ಕ್ಸ್ ಅಂದ್ರ ಹಿಮ್ಮಡಿ. ಕಾಲ್ಸಿಟ್ರಾರೆ ಅಂದ್ರ ಹಿಮ್ಮಡಿಲೆ ಒದಿಯೂದು. ಮುಂದ ‘ರಿ’ ಹಚ್ಚಿದ್ರ ತಿರುಗಿ ಒದಿಯೂದು. ಲಗಾಮಿಗೆ ಬಗ್ಗದ ಕುದುರಿ, ಹೇಸರಗತ್ತೆ ಇರ್ತಾವಲ್ಲ, ಹಂಗ.”

“ನನಗ ಕತ್ತೆ ಅಂದಾನೇನ್ರಿ ಬಾಯಾರ?”

“ಸಿಟ್ಟು ಮಾಡ್ಕೊ, ಬ್ಯಾಡ ಅನ್ನಂಗಿಲ್ಲ. ಆದ್ರ ತಿರುಗಿ ಒದಿಬೇಕಂದ್ರ ಮೊದಲ ಯಾರರ ಚುಚ್ಚಿರಬೇಕಲ್ಲ? ಅದನ್ನ ಕೇಳು.”

ಸೋಮವಾರ ಎಚ್‌ಆರ್ ಅಧಿಕಾರಿ ನಿರೀಕ್ಷಾ, ಅರವಿಂದನನ್ನೂ ಶಾಮಲಾಳನ್ನೂ ಎದುರು ಕೂರಿಸಿ ಆ ಎಚ್ಚರಿಕೆಯ ಪತ್ರವನ್ನು ಮೇಜಿನ ಮೇಲಿಟ್ಟಳು.

“ಸರ್, ಈ ಪದದ ಅರ್ಥ ಏನ್ರಿ?” ಶಾಮಲಾ ಕೇಳಿದಳು.

“ಹಠಮಾರಿ ಅಂತ. ಇಂಗ್ಲಿಷ್ ಬರಲ್ವಾ ನಿಮಗೆ?” ಎಂದ ಅರವಿಂದ್.

“ಬರತೈತಿ. ತಿರುಗಿ ಒದಿಯೂ ಪ್ರಾಣಿ ಅಂತ. ಮೊದಲ ಚುಚ್ಚಿದವರು ನೀವು! ಮಾಡದಿದ್ದ ಟೆಸ್ಟಿಗೆ ಪಾಸ್ ಬರಿ ಅಂದ್ರಿ. ಅದನ್ನೂ ಇದರಾಗ ಬರೀರಿ. ಇಲ್ಲಾಂದ್ರ ನಾನ ಬರೀತೀನಿ.”

ಪತ್ರವನ್ನು ಎಳೆದುಕೊಂಡು ಅದರ ಕೆಳಗೆ ನಲವತ್ತೂ ಟೆಸ್ಟುಗಳ ನಂಬರು ಬರೆಯತೊಡಗಿದಳು. ಒತ್ತಿದ ರಭಸಕ್ಕೆ ಕಾಗದ ಎರಡು ಕಡೆ ಹರಿಯಿತು. ಅರವಿಂದ್ ಕಸಿದುಕೊಳ್ಳಲು ಹೋದ.

“ಕೈ ತಗೀರಿ!”

ಆ ಕಾಗದವನ್ನು ತೆಗೆದುಕೊಂಡು ನಿರೀಕ್ಷಾ ಓದಿದಳು. “ಇದು ನಿಜಾನಾ ಅರವಿಂದ್?” ಅವನು ಬಿಡುಗಡೆಯ ದಿನಾಂಕದ ಮಾತು ತೆಗೆದ.

ಪ್ರೋಗ್ರಾಂನ ಬಿಡುಗಡೆ ನಾಲ್ಕು ದಿನ ನಿಂತಿತು. ಬಾಕಿ ಟೆಸ್ಟುಗಳನ್ನೆಲ್ಲ ನಡೆಸಿದಾಗ ಹನ್ನೊಂದು ಫೇಲಾದವು. ಒಂದರಲ್ಲಂತೂ ಮಗುವಿನ ತೂಕ ಕೊಟ್ಟರೂ ದೊಡ್ಡವರ ಪ್ರಮಾಣವೇ ಬರುತ್ತಿತ್ತು.

ಯಾರೂ ಕ್ಷಮೆ ಕೇಳಲಿಲ್ಲ. ಎರಡು ದಿನದ ಮೇಲೆ ಹೊಸ ಪತ್ರ ಬಂತು; ಆ ಪದದ ಜಾಗದಲ್ಲಿ ‘ಸಹಕರಿಸದ’ ಎಂಬರ್ಥದ ಸರಳ ಇಂಗ್ಲಿಷ್ ಪದವಿತ್ತು, ಅಷ್ಟೆ. ಶಾಮಲಾ ಅದನ್ನು ಅರವಿಂದನ ಮೇಜಿನ ಎದುರು ನಿಂತು ನಾಲ್ಕು ತುಂಡು ಮಾಡಿ ಅವನ ಕೀಬೋರ್ಡಿನ ಮೇಲಿಟ್ಟಳು. ಆಮೇಲೆ ತನ್ನ ಸೀಟಿಗೆ ಬಂದು, ಪ್ರೋಗ್ರಾಂ ಬರೆಯುವವರು ಸರಿಪಡಿಸಿದ್ದೇವೆ ಎಂದು ಕಳಿಸಿದ್ದ ಹನ್ನೊಂದನ್ನೂ ಮೊದಲಿನಿಂದ ಪರೀಕ್ಷಿಸಲು ಕುಳಿತಳು.