ಎದುರು ದಿಕ್ಕಿನ ಕಮಾನು

ನನ್ನ ಎಡಗೈಯಲ್ಲಿ ಬೆರಳುಗಳಿಲ್ಲ. ಹುಟ್ಟಿದಾಗಲೇ ಇರಲಿಲ್ಲವಾದ್ದರಿಂದ ಕಳೆದುಕೊಂಡ ದುಃಖವೂ ನನಗಿಲ್ಲ. ಆ ದುಃಖವನ್ನು ನೆಂಟರೂ ನೆರೆಹೊರೆಯವರೂ ಸೇರಿ ಹಂಚಿಕೊಂಡಿದ್ದಾರೆ. ಪಿಟೀಲಿನಲ್ಲಿ ತಂತಿ ಒತ್ತುವುದು ಎಡಗೈ ಬೆರಳುಗಳ ಕೆಲಸ, ಕಮಾನು ಎಳೆಯುವುದು ಬಲಗೈಯದು. ನಾನು ಎರಡನ್ನೂ ಅದಲುಬದಲು ಮಾಡಿಕೊಂಡೆ. ಬ್ಯಾಗು ಹೊಲಿಯುವ ಅಪ್ಪ ಚರ್ಮದ ಪಟ್ಟಿಯೊಂದನ್ನು ಮಾಡಿ ಕಮಾನನ್ನು ನನ್ನ ಎಡ ಮಣಿಕಟ್ಟಿಗೆ ಕಟ್ಟಿಕೊಟ್ಟರು. ವಾದ್ಯ ರಿಪೇರಿಯವರು ತಂತಿಗಳನ್ನು ಹಿಂದುಮುಂದು ಮಾಡಿ ಬಿಗಿದು, "ಇದು ನುಡಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ" ಅಂದರು. ಪಿಟೀಲು ನುಡಿಯಿತು. ಅವರು ಇನ್ನೂ ಹಳೇ ಹೆಸರಿನಲ್ಲೇ ಇದ್ದಾರೆ.

ನನಗೆ ಬೇಕಾಗಿದ್ದದ್ದು ಒಂದೇ ಒಂದು ಕುರ್ಚಿ, ನಗರದ ವಾದ್ಯವೃಂದದಲ್ಲಿ. ಅಲ್ಲಿನ ಆಯ್ಕೆಯ ಕ್ರಮ ಬಹಳ ನ್ಯಾಯವಾದದ್ದೆಂದು ಊರಲ್ಲೆಲ್ಲ ಹೆಸರುವಾಸಿ. ಅಭ್ಯರ್ಥಿ ದಪ್ಪ ಪರದೆಯ ಹಿಂದೆ ಕೂತು ನುಡಿಸಬೇಕು. ಕಮಿಟಿಯವರು ಈಚೆಗೆ ಕೂತು ಬರೀ ಕಿವಿಯಿಂದ ಆರಿಸುತ್ತಾರೆ. ಮುಖ, ಬಟ್ಟೆ, ಶಿಫಾರಸು ಯಾವುದೂ ನಡೆಯುವುದಿಲ್ಲ. ನಾನು ನುಡಿಸಿ ಮುಗಿಸಿದಾಗ ಆಚೆ ಕಡೆಯಿಂದ, "ಇವರೇ ಸಾಕು, ಉಳಿದೋರನ್ನ ಕಳಿಸಿಬಿಡಿ" ಎಂಬ ಮಾತು ಕೇಳಿಸಿತು. ಆಮೇಲೆ ಪರದೆ ಸರಿಯಿತು. ಕಮಿಟಿಯವರು ನನ್ನನ್ನು ನೋಡಿದರು, ನನ್ನ ಕೈಯನ್ನು ನೋಡಿದರು, ಕೊನೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಾಲೀಮಿಗೆ ಬರಹೇಳಿದರು.

ಮೊದಲ ತಾಲೀಮಿನಲ್ಲೇ ಎಡವಟ್ಟಾಯಿತು. ಪಿಟೀಲಿನವರು ಜೋಡಿ ಜೋಡಿಯಾಗಿ ಕೂರುತ್ತಾರೆ, ಇಬ್ಬರಿಗೂ ಸೇರಿ ಒಂದೇ ಸ್ವರದ ಹಾಳೆ. ಎಡಗಡೆಯ ಕುರ್ಚಿ ಹಿರಿಯರದು. ಬಲಗಡೆಯದು ಕಿರಿಯರದು, ಹಾಳೆ ತಿರುವುವ ಕೆಲಸವೂ ಅವರದೇ. ಹಿರಿಯರು ಹಾಳೆ ತಿರುವಿದರೆ ಆಕಾಶ ಕಳಚಿ ಬೀಳುತ್ತದೆಂದು ಅಲ್ಲಿನ ನಂಬಿಕೆ. ನನ್ನನ್ನು ಪಿಟೀಲಿನ ಮುಖ್ಯಸ್ಥರ ಬಲಕ್ಕೆ ಕೂರಿಸಿದರು. ಅವರಿಗೆ ಎಲ್ಲರೂ ಇಟ್ಟಿದ್ದ ಹೆಸರು ಗಂಟುಮೋರೆ. ಅವರ ಬಲಗೈ ಕಮಾನು, ನನ್ನ ಎಡಗೈ ಕಮಾನು ಎರಡೂ ನಡುವಿನ ಒಂದೇ ಗೇಣುದ್ದದ ಜಾಗಕ್ಕೆ ಬಂದವು. ಎರಡನೇ ಸಾಲಿಗೇ ಅವರ ಕನ್ನಡಕ ನೆಲದ ಮೇಲಿತ್ತು.

"ಕಣ್ಣು ಕೀಳ್ತಾಳೆ ಇವಳು! ಇವಳ ಪಕ್ಕ ನನಗೆ ಕೂರೋಕಾಗಲ್ಲ" ಎಂದು ಗಂಟುಮೋರೆ ಎದ್ದು ನಿಂತರು.

ಕಾರ್ಯದರ್ಶಿಗಳು ನನ್ನನ್ನು ಕೋಣೆಗೆ ಕರೆದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದರು. "ನಿಮ್ಮ ಸಂಗೀತದ ಬಗ್ಗೆ ಎರಡು ಮಾತಿಲ್ಲಮ್ಮ. ಆದ್ರೆ ಎಲ್ಲರ ಕಮಾನೂ ಒಂದು ಕಡೆ ಹೋಗ್ತಿರುತ್ತೆ, ನಿಮ್ಮದೊಂದೇ ಇನ್ನೊಂದು ಕಡೆ. ನೋಡೋರಿಗೆ ಒಂಥರಾ ಆಗುತ್ತೆ. ನಾವೇ ಹೇಳಿ ಕಳಿಸ್ತೀವಿ."

ಕಣ್ಣು ಮುಚ್ಚಿ ಆರಿಸುವವರಿಗೆ ನೋಡುವವರ ಚಿಂತೆ! ಮನೆಗೆ ಬಂದು ಒಂದು ವಾರ ಅಪ್ಪನ ಹೊಲಿಗೆ ಯಂತ್ರದ ಪಕ್ಕ ಕೂತು ಸಿಟ್ಟಿನಿಂದ ನುಡಿಸಿದೆ. ಅಪ್ಪ ಯಂತ್ರ ನಿಲ್ಲಿಸಿ ಕೇಳುತ್ತಿದ್ದರು.

ಕೊನೆಗೂ ಹೇಳಿ ಕಳಿಸಿದರು. ಕುರ್ಚಿಗಲ್ಲ. 'ಧೈರ್ಯದ ಸಂಜೆ' ಎಂಬ ಕಾರ್ಯಕ್ರಮಕ್ಕೆ. ಇಡೀ ವೃಂದದ ಮುಂದೆ ನಿಂತು ನಾನೊಬ್ಬಳೇ ಮುಖ್ಯ ವಾದ್ಯ ನುಡಿಸಬೇಕಂತೆ. ಹಿಂದೆ ಕೂರಲು ಲಾಯಕ್ಕಿಲ್ಲದವಳು ಮುಂದೆ ನಿಲ್ಲಲು ಲಾಯಕ್ಕಾಗಿದ್ದೆ. ಆದರೂ ಒಪ್ಪಿಕೊಂಡೆ. ಚೆನ್ನಾಗಿ ನುಡಿಸಿದರೆ ಕುರ್ಚಿ ಸಿಕ್ಕೀತು ಎಂಬ ಆಸೆ ಬಿಟ್ಟಿರಲಿಲ್ಲ.

ಕೃತಿಯಲ್ಲಿ ಮೂರು ಭಾಗ. ಮೊದಲನೆಯದು ನನಗೇ ಖುಷಿಯಾಗುವಷ್ಟು ಚೆನ್ನಾಗಿ ಬಂತು. ಆಗ ಕಾರ್ಯದರ್ಶಿಗಳು ವೇದಿಕೆಯ ಪಕ್ಕದಲ್ಲಿ ನಿಂತು ದೀಪದವನಿಗೆ ಹೇಳಿದ್ದು ಕೇಳಿಸಿತು: "ಮುಖಕ್ಕಲ್ಲಪ್ಪ, ಕೈಗೆ ಬಿಡು ಲೈಟು." ಬೆಳಕು ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಅಪ್ಪನ ಪಟ್ಟಿ, ಅದರ ಹೊಲಿಗೆ, ಅದರೊಳಗಿನ ನನ್ನ ಮೊಂಡುಗೈ ಎಲ್ಲ ಬೆಳಗಿದವು. ಅಷ್ಟು ಜನ ನೋಡುತ್ತಿದ್ದದ್ದನ್ನು ನಾನೂ ನೋಡಿದೆ, ನೋಡುತ್ತಾ ಮೈಮರೆತೆ. ಎಚ್ಚರವಾದಾಗ ಕಮಾನು ಮೂರನೇ ಭಾಗ ನುಡಿಸುತ್ತಿತ್ತು. ಎರಡನೆಯದನ್ನು ಪೂರ್ತಿ ನುಂಗಿಹಾಕಿದ್ದೆ. ಹಿಂದೆ ಕೂತವರು ತಡಬಡಾಯಿಸಿ ಹಾಳೆ ಮಗುಚಿ, ಹೇಗೋ ನನ್ನನ್ನು ಹಿಡಿದುಕೊಂಡು ದಡ ಸೇರಿದರು.

ಸಭೆ ಎದ್ದು ನಿಂತಿತು. ಅಷ್ಟು ಚಪ್ಪಾಳೆ ಆ ಹಾಲ್ ಯಾವತ್ತೂ ಕೇಳಿರಲಿಕ್ಕಿಲ್ಲ. ಒಬ್ಬಾಕೆ ಬಂದು ನನ್ನ ಪಟ್ಟಿಯನ್ನು ಮುಟ್ಟಿ ಅತ್ತರು. ಕಾರ್ಯದರ್ಶಿಗಳು, "ಅದ್ಭುತ, ಅದ್ಭುತ" ಎಂದರು. "ಮಧ್ಯದ ಭಾಗ ಬಿಟ್ಟುಬಿಟ್ಟೆ ಸರ್" ಎಂದೆ. "ನಿಮ್ಮಂಥೋರು ಇಷ್ಟು ಮಾಡಿದ್ದೇ ಹೆಚ್ಚಲ್ವಾ!" ಎಂದು ಬೆನ್ನು ತಟ್ಟಿದರು. ನಾನು ನಿಂತಲ್ಲೇ ಪಾತಾಳಕ್ಕೆ ಇಳಿದುಹೋದೆ. ಸರಿಯಾಗಿ ನುಡಿಸಿದ್ದರೂ ಇದೇ ಚಪ್ಪಾಳೆ, ಇದೇ ಅಳು. ಇವರ್ಯಾರಿಗೂ ನನ್ನ ಪಿಟೀಲು ಕೇಳಿಸಿಯೇ ಇರಲಿಲ್ಲ.

ವೇದಿಕೆಯ ಹಿಂದೆ ಪೆಟ್ಟಿಗೆ ಮುಚ್ಚುತ್ತಿದ್ದೆ. ಗಂಟುಮೋರೆ ದಡದಡ ಬಂದರು.

"ನಾಚಿಕೆ ಆಗಲ್ವಾ ನಿನಗೆ? ಮೊದಲ ಭಾಗ ಅಷ್ಟು ಚೆನ್ನಾಗಿ ಎಳೆದು, ಎರಡನೇದನ್ನ ಪೂರ್ತಿ ನುಂಗಿಬಿಟ್ಯಲ್ಲ! ನಾವೇನು ಅಲ್ಲಿ ಕಡಲೆಕಾಯಿ ತಿನ್ನೋಕೆ ಕೂತಿದ್ವಾ? ಕೊನೆ ಸಾಲಲ್ಲಿ ಶ್ರುತಿ ಬೇರೆ ಇಳಿದಿತ್ತು."

"ಹೌದು ಸರ್, ಇಳಿದಿತ್ತು" ಎಂದೆ. ನನ್ನ ಕಣ್ಣಲ್ಲಿ ನೀರು.

"ಅಳಬೇಡ, ಅಭ್ಯಾಸ ಮಾಡು. ಸೋಮವಾರ ತಾಲೀಮಿಗೆ ಬಾ. ನನ್ನ ಕುರ್ಚೀಲಿ ನೀನು ಕೂರು, ಎಡಗಡೆ. ನಿನ್ನ ಕಮಾನು ಆ ಕಡೆ ಹೋಗುತ್ತೆ, ನಂದು ಈ ಕಡೆ. ಕನ್ನಡಕ ಉಳಿಯುತ್ತೆ."

"ಹಾಳೆ ಯಾರು ತಿರುವೋದು ಸರ್?"

"ನಾನೇ ತಿರುವ್ತೀನಿ. ಕೈ ಸವೆದುಹೋಗುತ್ತಾ?"

"ಕಮಿಟಿಯವರು ಏನಂತಾರೋ..."

"ಕಣ್ಣು ಮುಚ್ಕೊಂಡು ತಾನೇ ಆರಿಸಿದ್ದು? ಹಾಗೇ ಮುಚ್ಕೊಂಡಿರ್ಲಿ" ಎಂದು ಗೊಣಗುತ್ತಾ ಹೋದರು.

ಅಮ್ಮ ಹೂಗುಚ್ಛಗಳನ್ನು ಹೊತ್ತು ಬಂದವಳು ನನ್ನ ಮುಖ ನೋಡಿ ಗಾಬರಿಯಾದಳು. "ಯಾಕೇ ಅಳ್ತಿದ್ದೀಯ? ಏನಂದ ಅವನು?"

"ಬೈದ್ರು ಅಮ್ಮ. ಚೆನ್ನಾಗಿ ಬೈದ್ರು."

"ಎಷ್ಟು ಧೈರ್ಯ ಅವನಿಗೆ, ಇಂಥ ಮಗೂನ ಬೈಯೋಕೆ!" ಅಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ನಾನು ಅವಳ ಕೈ ಹಿಡಿದು ಎಳೆದೆ. "ಹೂಂ ಅಮ್ಮ. ಇವತ್ತು ಈ ಹಾಲ್‌ನಲ್ಲಿ ಧೈರ್ಯ ಇದ್ದದ್ದು ಅವರೊಬ್ಬರಿಗೇ."